ಕರುಳಿನ ಆಪರೇಷನ್ನೂ ಊಟದ ತಟ್ಟೆಯೂ



ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂದಿದೆ, ಮೂರು ವಾರ ಬಿಟ್ಟು ಆಪರೇಷನ್ನಿಗೆ ತಾರೀಖು ಕೊಟ್ಟಿದ್ದಾರೆ. ಇಂಥ ಸುದ್ದಿ ಬಂದ ಮನೆಯಲ್ಲಿ ಆ ಮೂರು ವಾರ ಏನೇನು ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ದುಡ್ಡು ಹೊಂದಿಸಬೇಕು, ಕಾರ್ಡು ಕಾಗದಪತ್ರ ಸರಿ ಮಾಡಿಸಬೇಕು, ರಕ್ತ ಕೊಡುವವರನ್ನು ಹುಡುಕಬೇಕು, ಹರಕೆ ಹೊರಬೇಕು, ಇನ್ನೊಬ್ಬ ಡಾಕ್ಟರನ್ನೂ ಒಂದು ಮಾತು ಕೇಳಬೇಕು. ಇದೆಲ್ಲ ಆಗುತ್ತದೆ. ರೋಗಿ ಏನು ಉಣ್ಣುತ್ತಿದ್ದಾರೆ ಎಂದು ಮಾತ್ರ ಯಾರೂ ನೋಡುವುದಿಲ್ಲ. ನೋಡಿದರೂ ಯಾವುದನ್ನು ಬಿಡಿಸಬೇಕು ಎಂಬ ಕಡೆಗೇ ಗಮನ. ಆಮೇಲೆ ಆಪರೇಷನ್ ಮುಗಿದ ಮಾರನೆಯ ದಿನ ನೋಡಿ, ನೆಂಟರಿಷ್ಟರು ಒಬ್ಬೊಬ್ಬರು ಒಂದೊಂದು ಪೌಷ್ಟಿಕ ಪುಡಿಯ ಡಬ್ಬಿ, ಹಾಲು, ಮೊಟ್ಟೆ ಹಿಡಿದು ವಾರ್ಡಿಗೆ ಬರುತ್ತಾರೆ, ಮಂಚದ ಪಕ್ಕದ ಸಣ್ಣ ಬೀರುವಿನಲ್ಲಿ ಜಾಗ ಸಾಲುವುದಿಲ್ಲ. ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಕೆಲಸ ಮಾಡುವ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ: ಆ ಡಬ್ಬಿ, ಆ ಹಾಲು, ಆ ಮೊಟ್ಟೆ ತಾರೀಖು ಗೊತ್ತಾದ ದಿನವೇ ಮನೆಗೆ ಬರಬೇಕು.

ನಮ್ಮ ಕೊಠಡಿಗೆ ಬಂದವರನ್ನು ಮೊದಲು ಕೇಳುವುದು ತೂಕ. ಈಗಿನ ತೂಕವನ್ನು ಯಂತ್ರ ಹೇಳುತ್ತದೆ, ಆರು ತಿಂಗಳ ಹಿಂದೆ ಎಷ್ಟಿತ್ತು ಎಂಬುದೇ ಬೇಕಾದ ಸಂಗತಿ. ಹಳ್ಳಿಯ ಹೆಂಗಸರಲ್ಲಿ ಬಹಳ ಮಂದಿ ಬಸುರಿ ಇದ್ದಾಗ ತೂಕ ನೋಡಿಸಿದ್ದು ಬಿಟ್ಟರೆ ಆಮೇಲೆ ಯಂತ್ರದ ಮೇಲೆ ನಿಂತೇ ಇರುವುದಿಲ್ಲ. ಆಗ ಬೇರೆ ದಾರಿ ಹಿಡಿಯಬೇಕು. "ರವಿಕೆಗೆ ಒಳಗಿನಿಂದ ಹೊಲಿಗೆ ಹಾಕಿಕೊಂಡಿದ್ದೀರಾ ಅಮ್ಮ?" "ಯಜಮಾನ್ರೇ, ಬೆಲ್ಟಿಗೆ ಹೊಸ ತೂತು ಮಾಡಿಸಿದ್ರಾ?" "ಉಂಗುರಕ್ಕೆ ದಾರ ಸುತ್ತಿದ್ದೀರಲ್ಲ, ಯಾವಾಗಿನಿಂದ?" ಕೆಲವರು ಬಾಯಲ್ಲಿ ಉತ್ತರ ಕೊಡುವುದೇ ಇಲ್ಲ, ಕೈ ಮೇಲೆತ್ತಿ ಬಳೆಯನ್ನು ಮೊಣಕೈವರೆಗೆ ಜಾರಿಸಿ ತೋರಿಸುತ್ತಾರೆ. ಅದಕ್ಕಿಂತ ಸ್ಪಷ್ಟವಾದ ಉತ್ತರ ನಮಗೂ ಬೇಡ.

60 ಕಿಲೋ ಇದ್ದವರು 54ಕ್ಕೆ ಇಳಿದರೆ ನೂರಕ್ಕೆ ಹತ್ತು ಹೋಯಿತು ಎಂದು ಲೆಕ್ಕ. ಪಥ್ಯ ಮಾಡದೆ, ವ್ಯಾಯಾಮ ಮಾಡದೆ ಆರು ತಿಂಗಳಲ್ಲಿ ನೂರಕ್ಕೆ 10ರಿಂದ 15ರಷ್ಟು ಇಳಿದಿದ್ದರೆ, ಅಥವಾ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 18.5ಕ್ಕಿಂತ ಕಡಿಮೆ ಇದ್ದರೆ, ಅಂಥವರನ್ನು ಹಾಗೆಯೇ ಆಪರೇಷನ್ ಮೇಜಿಗೆ ಕರೆದೊಯ್ಯಬೇಡಿ, 7ರಿಂದ 14 ದಿನ ಸರಿಯಾದ ಪೋಷಣೆ ಕೊಡಿ, ಕ್ಯಾನ್ಸರ್ ಆಪರೇಷನ್ನೇ ಆಗಿದ್ದರೂ ಅಷ್ಟು ದಿನ ಮುಂದಕ್ಕೆ ಹಾಕಿದರೆ ಒಳ್ಳೆಯದು ಎಂದು ಯುರೋಪಿನ ಪೋಷಣಾ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಕರುಳು ಪೂರ್ತಿ ಕಟ್ಟಿಕೊಂಡು ವಾಂತಿ ಆಗುತ್ತಿದ್ದರೆ, ತೂತು ಬಿದ್ದಿದ್ದರೆ, ಆ ಮಾತು ಬೇರೆ. ಅಲ್ಲಿ ಕಾಯಲು ಸಮಯವಿರುವುದಿಲ್ಲ.

ಇದು ಹೊಸದಾಗಿ ಹೊಳೆದ ವಿಚಾರವೇನಲ್ಲ. 1936ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ಸ್ಟಡ್ಲಿ ಎಂಬ ಶಸ್ತ್ರವೈದ್ಯರು ಹೊಟ್ಟೆಹುಣ್ಣಿಗೆ ಆಪರೇಷನ್ ಮಾಡಿಸಿಕೊಂಡ ರೋಗಿಗಳ ಲೆಕ್ಕ ತೆಗೆದರು. ಆಪರೇಷನ್ನಿಗೆ ಮೊದಲೇ ನೂರಕ್ಕೆ 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂವರಿಗೆ ಒಬ್ಬರು ಸತ್ತಿದ್ದರು. ಅಷ್ಟು ಇಳಿಯದವರಲ್ಲಿ ಸತ್ತವರು ನೂರಕ್ಕೆ 3.5. ಒಂದೇ ಕಾಯಿಲೆ, ಒಂದೇ ಬಗೆಯ ಆಪರೇಷನ್. ಈ ಲೆಕ್ಕ ಪ್ರಕಟವಾಗಿ ತೊಂಬತ್ತು ವರ್ಷ ಆಗುತ್ತಾ ಬಂತು. ಇಂದಿಗೂ ಎಷ್ಟೋ ಕೇಸ್ ಶೀಟುಗಳಲ್ಲಿ ಬಿಪಿ ಇರುತ್ತದೆ, ಸಕ್ಕರೆ ಇರುತ್ತದೆ, ಹಳೆಯ ತೂಕ ಬರೆಯಬೇಕಾದ ಜಾಗ ಖಾಲಿ ಇರುತ್ತದೆ.

ತೂಕ ಇಳಿದವರಿಗೆ ಯಾಕೆ ಹೀಗಾಗುತ್ತದೆ? ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಕತ್ಬರ್ಟ್‌ಸನ್ ಎಂಬುವರು 1930ರ ಸುಮಾರಿಗೆ ಕಾಲು ಮುರಿದುಕೊಂಡವರ ಮೂತ್ರ ಪರೀಕ್ಷೆ ಮಾಡುತ್ತಾ ಒಂದು ವಿಷಯ ಗಮನಿಸಿದರು. ಪೆಟ್ಟು ಬಿದ್ದಿದ್ದು ಒಂದು ಕಾಲಿಗೆ, ಆದರೆ ಕರಗಿ ಹೋಗುತ್ತಿದ್ದ ಪ್ರೋಟೀನು ಒಂದು ಕಾಲಿನದಷ್ಟೇ ಆಗಿರಲಿಲ್ಲ, ಇಡೀ ಮೈಯಿನದಾಗಿತ್ತು. ದೊಡ್ಡ ಆಪರೇಷನ್ ಎಂದರೂ ಶರೀರದ ಪಾಲಿಗೆ ದೊಡ್ಡ ಪೆಟ್ಟೇ. ಗಾಯ ಮಾಯಿಸಲು, ಸೋಂಕಿನೊಡನೆ ಕಾದಾಡಲು ಅದಕ್ಕೆ ಪ್ರೋಟೀನು ಬೇಕು, ಬಾಯಿಂದ ಬರದಿದ್ದರೆ ಮಾಂಸಖಂಡವನ್ನೇ ಒಡೆದು ಕೊಡುತ್ತದೆ. ಸೌದೆ ತೀರಿದ ಮನೆಯಲ್ಲಿ ತೊಲೆಯನ್ನೇ ಸೀಳಿ ಒಲೆಗೆ ಇಟ್ಟ ಹಾಗೆ. ಕರಗುವುದು ತೊಡೆ ತೋಳಿನ ಮಾಂಸ ಮಾತ್ರವಲ್ಲ. ಉಸಿರಾಟದ ಸ್ನಾಯುಗಳೂ ಸೊರಗುತ್ತವೆ. ಬಲವಾಗಿ ಕೆಮ್ಮಿ ಕಫ ಹೊರಹಾಕಲು ಆಗದೆ ನ್ಯುಮೋನಿಯಾ ಕಾಣಿಸಿಕೊಳ್ಳುವುದು ಹೀಗೆ.

ಇನ್ನು ಕರುಳಿನ ಜೋಡಣೆ. ಗಡ್ಡೆ ಇರುವ ಭಾಗ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸುತ್ತಾರಲ್ಲ, ಆ ಜಾಗ ಮೊದಲ ಕೆಲವು ದಿನ ನಿಂತಿರುವುದು ಹೊಲಿಗೆಯ, ಪಿನ್ನುಗಳ ಬಲದಿಂದಷ್ಟೆ. ಅಂಚಿನಲ್ಲಿದ್ದ ಹಳೆಯ ನಾರು ಕರಗಿ, ಹೊಸ ನಾರು ಹೆಣೆದುಕೊಳ್ಳಲು ಸುಮಾರು ಒಂದು ವಾರ ಬೇಕು. ಆ ನಾರು ತಯಾರಾಗುವುದು ಪ್ರೋಟೀನಿನಿಂದ, ಜೊತೆಗೆ ಸಿ ಜೀವಸತ್ವ ಬೇಕು, ಸತು ಬೇಕು. ಶಸ್ತ್ರವೈದ್ಯರು ಬಹಳ ಅಂಜುವ 'ಲೀಕ್', ಅಂದರೆ ಜೋಡಣೆ ಬಿಟ್ಟುಕೊಂಡು ಮಲ ಹೊಟ್ಟೆಯೊಳಗೆ ಸೋರುವುದು, ಹೆಚ್ಚಾಗಿ ಇದೇ ಅವಧಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಕಾರಣ ಹಲವು, ರಕ್ತಸಂಚಾರ, ಧೂಮಪಾನ, ಪೋಷಣೆ, ಗಡ್ಡೆ ಎಷ್ಟು ಕೆಳಗಿತ್ತು ಎಂಬುದು, ಎಲ್ಲವೂ ಸೇರುತ್ತವೆ. ಅವುಗಳಲ್ಲಿ ನಮ್ಮ ಅಡುಗೆಮನೆಯ ಕೈಗೆ ಎಟುಕುವುದು ಪೋಷಣೆಯೊಂದೇ.

ಹಾಗಾದರೆ ಎಷ್ಟು ಬೇಕು? ದಿನಕ್ಕೆ ಒಂದು ಕಿಲೋ ದೇಹತೂಕಕ್ಕೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನು ಎಂಬುದು ಒಪ್ಪಿತವಾದ ಅಳತೆ. 50 ಕಿಲೋ ತೂಗುವ ಒಬ್ಬ ಹೆಂಗಸಿಗೆ 60ರಿಂದ 75 ಗ್ರಾಂ ಪ್ರೋಟೀನು ಆಯಿತು. ಈಗ ಆಕೆಯ ತಟ್ಟೆ ನೋಡೋಣ. ಬೆಳಗ್ಗೆ ಎರಡು ಇಡ್ಲಿ, ಎರಡು ಹೊತ್ತಿನ ಕಾಫಿಯ ಹಾಲು. ಮಧ್ಯಾಹ್ನ ಒಂದು ಮುದ್ದೆ, ಅದರಲ್ಲಿ 100 ಗ್ರಾಂ ರಾಗಿಹಿಟ್ಟು ಇದ್ದರೆ ಪ್ರೋಟೀನು ಸುಮಾರು 7 ಗ್ರಾಂ. ಮೇಲೊಂದು ತುತ್ತು ಅನ್ನ, ತಿಳಿಸಾರು, ನೀರು ಮಜ್ಜಿಗೆ. ರಾತ್ರಿ ಹಸಿವಿಲ್ಲವೆಂದು ಅರ್ಧ ಊಟ. ಕೂಡಿಸಿದರೆ ಮೂವತ್ತರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಬೇಕಾದುದರ ಅರ್ಧ. ರಾಗಿ ಒಳ್ಳೆಯ ಧಾನ್ಯವೇ, ಸುಣ್ಣದಂಶದಲ್ಲಿ ಅದನ್ನು ಮೀರಿಸುವ ಧಾನ್ಯವಿಲ್ಲ. ಆದರೆ ಮುದ್ದೆ ಒಂದನ್ನೇ ನಂಬಿ ಮಾಂಸಖಂಡ ಉಳಿಸಿಕೊಳ್ಳಲಾಗದು. ಮುದ್ದೆಯ ಜೊತೆ ಏನು ಇಳಿಯುತ್ತದೆ ಎಂಬುದರ ಮೇಲೆ ಉಳಿದದ್ದು.

ಇದಕ್ಕೆ ದಿನಕ್ಕೆ ಎರಡು ಮೊಟ್ಟೆ ಸೇರಿಸಿ, 12 ಗ್ರಾಂ ಬಂತು. ಎರಡು ಲೋಟ, ಅಂದರೆ 400 ಮಿಲಿ ಹಾಲು ಅಥವಾ ಗಟ್ಟಿ ಮೊಸರು, ಇನ್ನೊಂದು 12-13. ಸಾರಿನ ತಿಳಿ ಬಿಟ್ಟು ತಳದ ಬೇಳೆ ಬಡಿಸಿ. ಒಂದು ಹಿಡಿ ಹುರಿಗಡಲೆಯನ್ನೋ ಕಡಲೆಕಾಯಿಬೀಜವನ್ನೋ ಪುಡಿ ಮಾಡಿ ಕೊಡಿ, 6-7 ಗ್ರಾಂ. ಗುರಿ ಮುಟ್ಟಿತು. ಮೊಟ್ಟೆ ತಿನ್ನದ ಮನೆಯವರಿಗೆ ಪನೀರು, ಸೋಯಾ, ಹೆಸರುಬೇಳೆ ಇವೆ. ಪುಡಿ ಮಾಡಿ ಎಂದು ಯಾಕೆ ಹೇಳಿದೆನೆಂದರೆ, ಗಡ್ಡೆಯಿಂದ ಕರುಳಿನ ದಾರಿ ಕಿರಿದಾಗಿರುವವರಿಗೆ ಇಡೀ ಕಾಳು, ಸಿಪ್ಪೆ, ಸೊಪ್ಪಿನ ದಂಟು, ಕಾಯಿಚೂರು ಸಿಕ್ಕಿಕೊಳ್ಳುವ ಭಯವಿದೆ. ಹೊಟ್ಟೆ ಉಬ್ಬರ, ಹಿಂಡುವ ನೋವು ಇದ್ದವರು ನಾರು ಕಡಿಮೆ ಇರುವ ಮೆದು ಆಹಾರವನ್ನೇ ತೆಗೆದುಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನು ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಬೇಕು.

ಇಷ್ಟೂ ತಿನ್ನಲು ಆಗುವವರಿಗೆ ಡಬ್ಬಿ ಪುಡಿಯ ಅಗತ್ಯವೇ ಇಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ. ತೊಂದರೆ ಏನೆಂದರೆ ಬಹಳ ಜನಕ್ಕೆ ಆಗುವುದಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಊಟದ ವಾಸನೆ ಸೇರುವುದಿಲ್ಲ, ತಿಂದರೆ ನೋಯುತ್ತದೆ ಎಂಬ ಭಯಕ್ಕೇ ತಟ್ಟೆ ದೂರ ತಳ್ಳುತ್ತಾರೆ. ಪೂರಕ ಪೋಷಕಾಂಶ ಎನ್ನುವುದು ಇರುವುದು ಇಂಥವರಿಗೆ. ಒಂದು ಸಣ್ಣ ಲೋಟದಲ್ಲಿ ಒಂದು ಊಟದ ಸಾರ ಸೇರಿಸಿಟ್ಟ ಪಾನೀಯ ಅದು. ಸಿದ್ಧ ಬಾಟಲಿಗಳಲ್ಲಿ 200 ಮಿಲಿಗೆ ಸುಮಾರು 300 ಕ್ಯಾಲೊರಿ, 12ರಿಂದ 20 ಗ್ರಾಂ ಪ್ರೋಟೀನು ಇರುವಂಥವು ಸಿಗುತ್ತವೆ. ನಮ್ಮಲ್ಲಿ ಹೆಚ್ಚು ನಡೆಯುವುದು ಪುಡಿ.

ಪುಡಿಯ ವಿಷಯದಲ್ಲಿ ದಿನಾ ನೋಡುವ ಮೂರು ತಪ್ಪುಗಳನ್ನು ಹೇಳಬೇಕು. ಡಬ್ಬಿಗೆ ನೂರಾರು ರೂಪಾಯಿ. ಅದು ಬೇಗ ಮುಗಿಯಬಾರದೆಂದು ಮನೆಯವರು ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕದಡಿ ಕೊಡುತ್ತಾರೆ. ಬಣ್ಣ ಬರುತ್ತದೆ, ಘಮ ಬರುತ್ತದೆ, ಪೋಷಣೆ ಬರುವುದಿಲ್ಲ. ಡಬ್ಬಿಯ ಹಿಂಬದಿ ಓದಿ ನೋಡಿ, ಪೂರ್ಣ ಪೋಷಣೆಯ ಹಲವು ಪುಡಿಗಳಿಗೆ ಒಂದು ಲೋಟಕ್ಕೆ ಅದರೊಳಗಿನ ಅಳತೆ ಚಮಚದಲ್ಲಿ ಐದಾರು ಚಮಚ, ಸುಮಾರು 50 ಗ್ರಾಂ ಪುಡಿ ಬೇಕು. ಎರಡನೆಯದು, ಅದನ್ನು ಊಟದ ಬದಲು ಕೊಡುವುದು. ಪೂರ್ತಿ ಲೋಟ ಕುಡಿದವರು ಊಟ ಬಿಟ್ಟರೆ ಲೆಕ್ಕ ಮೊದಲಿದ್ದಲ್ಲೇ ನಿಂತಿತು. ಎರಡು ಊಟದ ನಡುವೆ, ಕಾಲು ಲೋಟದಂತೆ ಗುಟುಕು ಗುಟುಕಾಗಿ, ಮಾತ್ರೆ ನುಂಗಲು ನೀರಿನ ಬದಲು ಅದನ್ನೇ ಕೊಟ್ಟರೂ ಆಯಿತು. ಮೂರನೆಯದು, ಯಾವ ಪುಡಿ ಎಂಬುದು. ಮಕ್ಕಳಿಗೆ ಹಾಲಿನಲ್ಲಿ ಹಾಕಿಕೊಡುವ ಮಾಲ್ಟ್ ಪುಡಿಗಳಲ್ಲಿ ಬಹುಪಾಲು ಸಕ್ಕರೆ, ಹಿಟ್ಟು. ನೆಂಟರು ತರುವುದು ಹೆಚ್ಚಾಗಿ ಅದೇ. ಪ್ರೋಟೀನ್ ಎಂದು ಬರೆದ ಸಾಲಿನಲ್ಲಿ 100 ಗ್ರಾಂಗೆ ಎಷ್ಟು ಎಂದು ನೋಡಿ ಕೊಳ್ಳಿ.

ದುಡ್ಡಿಗೆ ಕಷ್ಟವಿದ್ದವರಿಗೆ ನಾನು ಹೇಳಿಕೊಡುವ ಪಾನೀಯ ಇದು. ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ. 200 ಮಿಲಿ ಹಾಲಿನಲ್ಲಿ ಆರೂವರೆ ಗ್ರಾಂ, 20 ಗ್ರಾಂ ಪುಡಿಯಲ್ಲಿ 7 ಗ್ರಾಂ, ಒಟ್ಟು ಹದಿಮೂರು ದಾಟಿತು. ಅದಕ್ಕೆ ಒಂದು ಬಾಳೆಹಣ್ಣು ಕಿವುಚಿ ಹಾಕಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದಿಷ್ಟು ಬೆಲ್ಲ, ಮೇಲೆ ಒಂದು ಚಮಚ ತುಪ್ಪ. ಜರಡಿ ಹಿಡಿದ ರಾಗಿ ಅಂಬಲಿಗೂ ಇದೇ ಹಾಲಿನ ಪುಡಿ ಬೆರೆಸಬಹುದು. ಹಾಲು ಕುಡಿದರೆ ಹೊಟ್ಟೆ ಗುಡುಗುವವರು ಮೊಸರಿನಲ್ಲಿ ಕಲಸಿಕೊಳ್ಳಲಿ. ಡಬ್ಬಿಯಲ್ಲಿರುವ ಎಲ್ಲ ಖನಿಜ, ಜೀವಸತ್ವ ಇದರಲ್ಲಿಲ್ಲ, ನಿಜ. ಆದರೆ ಒಂದು ಚಮಚ ಪುಡಿ ಕದಡಿದ ನೀರಿಗಿಂತ ಇದು ನೂರು ಪಾಲು ಮೇಲು.

ಪೂರಕಗಳಿಂದ ನಿಜವಾಗಿ ಎಷ್ಟು ಲಾಭ? ಜಾಹೀರಾತಿನವರು ಹೇಳುವಷ್ಟಿಲ್ಲ, ಏನೂ ಇಲ್ಲ ಎನ್ನುವವರು ಹೇಳುವಷ್ಟು ಕಡಿಮೆಯೂ ಅಲ್ಲ. ಇಂಗ್ಲೆಂಡಿನಲ್ಲಿ ಕರುಳಿನ ಆಪರೇಷನ್ ಮಾಡಿಸಿಕೊಂಡವರಿಗೆ ಮೊದಲೂ ಆಮೇಲೂ ಇಂಥ ಪಾನೀಯ ಕೊಟ್ಟು ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ತೂಕ ಇಳಿಯುವುದು ಕಡಿಮೆಯಾಗಿತ್ತು, ಸಣ್ಣಪುಟ್ಟ ತೊಡಕುಗಳೂ ಕಡಿಮೆಯಾಗಿದ್ದವು. ದಷ್ಟಪುಷ್ಟವಾಗಿರುವವರಿಗೆ ಕೊಟ್ಟರೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ, ಸೊರಗಿದವರಿಗೆ ಕಾಣುತ್ತದೆ. ನನಗೆ ಇನ್ನೂ ಮುಖ್ಯವೆನಿಸುವುದು 2023ರಲ್ಲಿ ಹೊರಬಂದ ಒಂದು ಅಧ್ಯಯನ. ನೆದರ್ಲೆಂಡ್ಸ್ ಮತ್ತಿತರ ದೇಶಗಳ ಆಸ್ಪತ್ರೆಗಳು ಸೇರಿ ದೊಡ್ಡ ಕರುಳಿನ ಕ್ಯಾನ್ಸರಿನ 251 ರೋಗಿಗಳ ಮೇಲೆ ನಡೆಸಿದ್ದು. ಅರ್ಧ ಜನಕ್ಕೆ ಆಪರೇಷನ್ನಿಗೆ ಮುನ್ನ ನಾಲ್ಕು ವಾರ ಪ್ರೋಟೀನು, ವ್ಯಾಯಾಮ, ಧೈರ್ಯ ತುಂಬುವ ಸಲಹೆ, ಸಿಗರೇಟು ಬಿಡಿಸುವುದು ಎಲ್ಲ ಒಟ್ಟಿಗೆ. ಉಳಿದವರಿಗೆ ಎಂದಿನ ಕ್ರಮ. ಎಂದಿನ ಕ್ರಮದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೀವ್ರ ತೊಡಕುಗಳಾದವು, ತಯಾರಿ ಮಾಡಿಕೊಂಡವರಲ್ಲಿ 17 ಮಂದಿಗೆ. ಪ್ರೋಟೀನಿನ ಜೊತೆ ಅಲ್ಲಿ ವ್ಯಾಯಾಮ ಇದ್ದುದನ್ನು ಗಮನಿಸಬೇಕು. ಕೆಲಸವಿಲ್ಲದ ಮಾಂಸಖಂಡ ಬೆಳೆಯುವುದಿಲ್ಲ. ನಮ್ಮಲ್ಲಿ ಕ್ಯಾನ್ಸರ್ ಎಂದ ತಕ್ಷಣ ರೋಗಿಯನ್ನು ಮಂಚಕ್ಕೆ ಹಾಕಿ ನೀರಿನ ಲೋಟವನ್ನೂ ಕೈಗೆ ಕೊಡುವ ಪ್ರೀತಿ ಇದೆ. ಆ ಪ್ರೀತಿಯನ್ನು ಸ್ವಲ್ಪ ಕಡಿಮೆ ಮಾಡಿ, ಬೆಳಗ್ಗೆ ಸಂಜೆ ಅವರನ್ನು ನಡೆಸಿ.

ಇದೇ ಹೊತ್ತಿಗೆ ವಾಟ್ಸಾಪಿನಲ್ಲಿ ಇನ್ನೊಂದು ಉಪದೇಶ ಬಂದಿರುತ್ತದೆ. ಸಕ್ಕರೆ ಕ್ಯಾನ್ಸರಿನ ಆಹಾರ, ಹಾಲು ಕ್ಯಾನ್ಸರಿನ ಆಹಾರ, ಎಲ್ಲ ಬಿಟ್ಟು ಬರೀ ಸೊಪ್ಪಿನ ರಸ ಕುಡಿದರೆ ಗಡ್ಡೆ ಒಣಗಿಹೋಗುತ್ತದೆ ಎಂದು. ಗ್ಲೂಕೋಸು ಬಾಯಿಂದ ಬರದಿದ್ದರೆ ಶರೀರ ಅದನ್ನು ತನ್ನ ಮಾಂಸದಿಂದಲೇ ತಯಾರಿಸುತ್ತದೆ. ಗಡ್ಡೆಗೆ ಸಿಗುವುದು ತಪ್ಪುವುದಿಲ್ಲ, ಸೊರಗುವವರು ರೋಗಿ. ಸೋಮವಾರದ, ಶನಿವಾರದ ಉಪವಾಸಗಳನ್ನೂ ಈ ಕೆಲವು ವಾರ ದೇವರ ಹತ್ತಿರ ಹೇಳಿಕೊಂಡು ನಿಲ್ಲಿಸಬಹುದು.

ತೀರಾ ಉಲ್ಟಾ ತಪ್ಪು ಒಂದಿದೆ, ಅಪಾಯದ್ದು. ಹತ್ತು ಹದಿನೈದು ದಿನ ನೀರುಗಂಜಿ ಬಿಟ್ಟು ಏನೂ ಇಳಿಯದೆ ಕೃಶವಾಗಿರುವವರಿಗೆ ಒಂದೇ ದಿನ ಹೊಟ್ಟೆ ತುಂಬ ಕೊಡುವುದು. ರಕ್ತದಲ್ಲಿ ಫಾಸ್ಫೇಟು, ಪೊಟ್ಯಾಸಿಯಂ ಇದ್ದಕ್ಕಿದ್ದಂತೆ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ಅಂಥವರಿಗೆ ಥಯಾಮಿನ್ ಕೊಟ್ಟು, ರಕ್ತ ಪರೀಕ್ಷೆ ಮಾಡುತ್ತಾ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಆಸ್ಪತ್ರೆಯಲ್ಲೇ ಆಗಬೇಕು.

ಕಬ್ಬಿಣದ ಬಗ್ಗೆಯೂ ಒಂದು ಮಾತು. ಬಲಭಾಗದ ದೊಡ್ಡ ಕರುಳಿನ ಗಡ್ಡೆ ಕಣ್ಣಿಗೆ ಕಾಣದಂತೆ ತಿಂಗಳುಗಟ್ಟಲೆ ರಕ್ತ ಸೋರಿಸುತ್ತಿರುತ್ತದೆ. ಎಷ್ಟೋ ಜನ ಮೊದಲು ಡಾಕ್ಟರ ಹತ್ತಿರ ಬರುವುದೇ ಸುಸ್ತು, ರಕ್ತ ಕಡಿಮೆ ಎಂದು. ಸಮಯವಿದ್ದರೆ ಮಾತ್ರೆ, ಇಲ್ಲದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಮಾತ್ರೆ ನುಂಗಿದ ಕೂಡಲೇ ಟೀ ಕುಡಿಯಬೇಡಿ, ನಿಂಬೆರಸದ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಗಾದರೆ ಅದು ಮಾತ್ರೆಯದ್ದು, ಆದರೂ ಡಾಕ್ಟರಿಗೆ ತಿಳಿಸಿ.

ಈಗ ಆಪರೇಷನ್ನಿನ ಹಿಂದಿನ ರಾತ್ರಿಗೆ ಬರೋಣ. "ಹನ್ನೆರಡರ ಮೇಲೆ ಒಂದು ತೊಟ್ಟು ನೀರೂ ಬೇಡ" ಎಂಬುದು ನಾವು ತಲೆಮಾರುಗಳಿಂದ ಕೇಳಿದ್ದು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯದಿರಲಿ ಎಂಬ ಎಚ್ಚರಿಕೆ ಅದು, ಕಾರಣವಿಲ್ಲದ್ದಲ್ಲ. ಆದರೆ ಪಟ್ಟಿಯಲ್ಲಿ ಮೂರನೆಯವರಾಗಿರುವ ರೋಗಿಯ ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ? ಹದಿನಾಲ್ಕು ಗಂಟೆ ಹಸಿದು, ಬಾಯಾರಿ, ತಲೆನೋವು ಬಂದು ಕೂತಿರುತ್ತಾರೆ. ಡೆನ್ಮಾರ್ಕಿನ ಕೆಹ್ಲೆಟ್ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಕರುಳಿನ ಆಪರೇಷನ್ನಿನ ಹಿಂದೆ ಮುಂದೆ ನಡೆಯುತ್ತಿದ್ದ ಇಂಥ ಒಂದೊಂದು ಪದ್ಧತಿಯನ್ನೂ ಎತ್ತಿಕೊಂಡು ಇದಕ್ಕೆ ಆಧಾರವೇನು ಎಂದು ಕೇಳುತ್ತಾ ಹೋದರು. ಅಲ್ಲಿಂದ ಬೆಳೆದ ಕ್ರಮವೇ ಇಂದು ಈರಾಸ್ ಎಂದು ಹೆಸರಾಗಿದೆ. ಅದರ ಪ್ರಕಾರ, ಹೊಟ್ಟೆ ಖಾಲಿಯಾಗುವುದರಲ್ಲಿ ತೊಂದರೆ ಇಲ್ಲದವರು ಗಟ್ಟಿ ಆಹಾರವನ್ನು ಆರು ಗಂಟೆ ಮುಂಚೆ ನಿಲ್ಲಿಸಬೇಕು, ತಿಳಿ ದ್ರವವನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಎರಡು ಗಂಟೆ ಮುಂಚೆ 400 ಮಿಲಿ ನೀರಿನಲ್ಲಿ 50 ಗ್ರಾಂ ಪಿಷ್ಟದ ಪುಡಿ ಕರಗಿಸಿ ಕೊಡುವ ಆಸ್ಪತ್ರೆಗಳೂ ಇವೆ. ತಿಳಿ ದ್ರವ ಎಂದರೆ ಲೋಟದ ಆಚೆ ಬದಿ ಕಾಣಬೇಕು: ನೀರು, ಹಾಲಿಲ್ಲದ ಟೀ, ಸೋಸಿದ ಎಳನೀರು. ಹಾಲು, ಮಜ್ಜಿಗೆ, ಹಾಲಿನ ಕಾಫಿ ಈ ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆಯವರ, ಕರುಳು ಕಟ್ಟಿಕೊಂಡವರ ಲೆಕ್ಕ ಬೇರೆ. ಕೊನೆಯ ಮಾತು ಅನಸ್ತೀಷಿಯಾ ಡಾಕ್ಟರದ್ದು. ಅವರನ್ನು ಕೇಳಿ, ಅವರಿಗೆ ತಿಳಿಯದಂತೆ ಒಂದು ಗುಟುಕನ್ನೂ ಕುಡಿಯಬೇಡಿ.

ಆಪರೇಷನ್ ಆಯಿತು. ವಾರ್ಡಿನಲ್ಲಿ ಎಲ್ಲರೂ ಒಂದೇ ಪ್ರಶ್ನೆ ಹಿಡಿದು ಕಾಯುತ್ತಾರೆ: ಗ್ಯಾಸು ಹೋಯ್ತಾ? ಅದು ಹೋಗುವ ತನಕ ಬಾಯಿಗೆ ಏನೂ ಇಲ್ಲ ಎಂಬುದು ಹಳೆಯ ಕಟ್ಟಳೆ. ಈಗ ಬಹಳ ಕಡೆ ಅದೇ ದಿನ ಸಂಜೆ ನೀರು, ಮಾರನೆಯ ದಿನ ಮೆದು ಆಹಾರ ಕೊಡುತ್ತಾರೆ. ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಕೆಲಸ ಶುರು ಮಾಡುತ್ತದೆ, ಮೈಗೆ ಬೇಕಾದುದನ್ನೆಲ್ಲ ಹೀರಿಕೊಳ್ಳುವುದೂ ಹೆಚ್ಚಾಗಿ ಅದೇ. ದೊಡ್ಡ ಕರುಳನ್ನೇ ಕತ್ತರಿಸಿದ್ದಾರೆ, ಇನ್ನು ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಕೊರಗುವವರಿದ್ದಾರೆ. ದೊಡ್ಡ ಕರುಳಿನ ಕೆಲಸ ಮುಖ್ಯವಾಗಿ ನೀರು, ಉಪ್ಪು ಹೀರುವುದು. ಊಟ ಮೈಗೆ ಹತ್ತುತ್ತದೆ. ನಮ್ಮವರಿಗೆ ಖುಷಿಯಾಗುವ ಇನ್ನೊಂದು ಸುದ್ದಿಯೂ ಇದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕರುಳಿನ ಆಪರೇಷನ್ ಆದ ಕೆಲವರಿಗೆ ದಿನಕ್ಕೆ ಮೂರು ಸಲ ಕಾಫಿ, ಉಳಿದವರಿಗೆ ಬಿಸಿನೀರು ಕೊಟ್ಟು ನೋಡಿದರು. 2012ರಲ್ಲಿ ಫಲಿತಾಂಶ ಬಂತು: ಕಾಫಿ ಕುಡಿದವರಿಗೆ ಸುಮಾರು 60 ಗಂಟೆಗೆ ಮಲ ವಿಸರ್ಜನೆ ಆಗಿತ್ತು, ಬಿಸಿನೀರಿನವರಿಗೆ 74 ಗಂಟೆಗೆ. ಹಾಸನ, ಚಿಕ್ಕಮಗಳೂರಿನ ಕಡೆಯ ರೋಗಿಗಳಿಗೆ ಇದನ್ನು ಹೇಳಿದರೆ, "ಅದನ್ನ ಜರ್ಮನಿಯವ್ರು ಹೇಳ್ಬೇಕಾ ಮೇಡಂ" ಎನ್ನುತ್ತಾರೆ.

"ಶಕ್ತಿಗೆ ಇನ್ನೊಂದು ಗ್ಲೂಕೋಸ್ ಹಾಕಿಸಿ ಡಾಕ್ಟ್ರೇ" ಎನ್ನುವುದು ಎಲ್ಲ ವಾರ್ಡಿನಲ್ಲೂ ಕೇಳುವ ಬೇಡಿಕೆ. ಅರ್ಧ ಲೀಟರಿನ ಆ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸು. ನೂರು ಕ್ಯಾಲೊರಿ ಮೀರದು, ಒಂದು ಬಾಳೆಹಣ್ಣಿನಷ್ಟು. ಪ್ರೋಟೀನು ಸೊನ್ನೆ. ರಕ್ತನಾಳದಲ್ಲೇ ಪೂರ್ಣ ಊಟ ಕೊಡುವ ವಿಧಾನ ಬೇರೆಯೇ ಇದೆ. 1960ರ ದಶಕದಲ್ಲಿ ಅಮೆರಿಕದ ಡಡ್ರಿಕ್ ನಾಯಿಮರಿಗಳಿಗೆ ಬರೀ ರಕ್ತನಾಳದಿಂದ ಪೋಷಣೆ ಕೊಟ್ಟು ಬೆಳೆಸಿ ತೋರಿಸಿದ ಮೇಲೆ ಅದು ಬಳಕೆಗೆ ಬಂತು. ಕರುಳು ಕೆಲಸ ಮಾಡದಾಗ ಅದು ಜೀವ ಉಳಿಸುತ್ತದೆ, ಸೋಂಕಿನ ಅಪಾಯವೂ ಖರ್ಚೂ ಹೆಚ್ಚು. ಬಾಯಿಂದ ಇಳಿಯುವ ತನಕ ಬಾಯಿಂದಲೇ.

ಮನೆಗೆ ಹೋದ ಮೇಲೆ ಬರುವುದು ನಂಜಿನ ವಿಚಾರ. ಹೊಲಿಗೆ ಒಣಗುವವರೆಗೆ ಬದನೆಕಾಯಿ ಬೇಡ, ಕಡಲೆಕಾಯಿ ಬೇಡ, ಮೊಟ್ಟೆ ಬೇಡ, ಮೀನು ಬೇಡ, ತೊಗರಿಬೇಳೆ ಬೇಡ, ನಂಜಾಗಿ ಕೀವಾಗುತ್ತದೆ. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬದನೆಕಾಯಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಗಾಯ ಮಾಯಿಸುವ ಪ್ರೋಟೀನೇ. ಉಳಿಯುವುದು ರವೆಗಂಜಿ, ಬ್ರೆಡ್ಡು, ಮೆಣಸಿನ ತಿಳಿಸಾರು. ಕೀವಾಗುವುದು ರೋಗಾಣುವಿನಿಂದ, ಮೊಟ್ಟೆಯಿಂದಲ್ಲ. ಇದನ್ನು ಹಿರಿಯರ ಎದುರು ವಾದ ಮಾಡಿ ಗೆಲ್ಲಲು ಹೋಗಬಾರದು. ನಾನು ಚೌಕಾಸಿಗೆ ಇಳಿಯುತ್ತೇನೆ: "ಅಜ್ಜಿ, ಬದನೆಕಾಯಿ ವಿಷಯದಲ್ಲಿ ನಿಮ್ಮ ಮಾತೇ ನಡೀಲಿ, ಮೊಟ್ಟೆ ವಿಷಯದಲ್ಲಿ ನನ್ನ ಮಾತು ನಡೆಸಿಕೊಡಿ." ಬಹಳ ಸಲ ಒಪ್ಪಂದ ಆಗುತ್ತದೆ. ಸೀಬೆಹಣ್ಣಿನ ಬೀಜ ತೆಗೆದ ತಿರುಳು, ನೆಲ್ಲಿಕಾಯಿ ರಸ, ಕಿತ್ತಳೆ ಇವುಗಳಲ್ಲಿ ಸಿ ಜೀವಸತ್ವ ಬೇಕಾದಷ್ಟಿದೆ.

ಕೆಲವರಿಗೆ ಜೋಡಣೆ ಮಾಯುವ ತನಕ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಬ್ಯಾಗ್ ಹಾಕಿರುತ್ತಾರೆ, ಇಲಿಯಾಸ್ಟಮಿ ಎನ್ನುತ್ತಾರೆ. ಇವರ ಕಷ್ಟ ಬೇರೆ. ನೀರು, ಉಪ್ಪು ಹೀರುವ ದೊಡ್ಡ ಕರುಳು ದಾರಿಯಲ್ಲೇ ಇಲ್ಲ, ಬ್ಯಾಗಿನಲ್ಲಿ ನೀರಾಗಿ ಹೋಗುತ್ತಿರುತ್ತದೆ. ಬಾಯಾರಿಕೆಗೆ ಬರೀ ನೀರನ್ನು ಚೊಂಬುಗಟ್ಟಲೆ ಕುಡಿದರೆ ಕರುಳು ತನ್ನಲ್ಲಿದ್ದ ಉಪ್ಪನ್ನೂ ಆ ನೀರಿಗೆ ಬಿಟ್ಟುಕೊಟ್ಟು ಇನ್ನಷ್ಟು ಹೊರಹಾಕುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಇವರಿಗೆ ಬೇಕಾದ ಸೋಡಿಯಂ ಕಡಿಮೆ. ಇಲ್ಲಿ ಕೆಲಸಕ್ಕೆ ಬರುವುದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನೊಬಿಸ್ ಅವರು ಕಾಲರಾ ರೋಗಿಗಳನ್ನು ಉಳಿಸಿದ ಉಪ್ಪು ಸಕ್ಕರೆಯ ನೀರು ಇದೇ. ಉಪ್ಪೂ ಗ್ಲೂಕೋಸೂ ಜೊತೆಗಿದ್ದರೆ ಕರುಳು ನೀರನ್ನು ಒಳಗೆಳೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ ದೊಡ್ಡ ಪ್ಯಾಕೆಟ್ಟನ್ನು ಒಂದು ಲೀಟರಿಗೇ ಕಲಸಬೇಕು, ಲೋಟಕ್ಕೆ ಚಿಟಿಕೆ ಹಾಕುವಂತಿಲ್ಲ. ಅನ್ನ, ಬಾಳೆಹಣ್ಣು, ಸಬ್ಬಕ್ಕಿ ಗಂಜಿ ಬ್ಯಾಗಿಗೆ ಬರುವುದನ್ನು ಗಟ್ಟಿ ಮಾಡುತ್ತವೆ. ಮುಸುಕಿನ ಜೋಳ, ಕೊಬ್ಬರಿ ಚೂರು, ಅಣಬೆ ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ದಿನಕ್ಕೆ ಒಂದೂವರೆ ಲೀಟರು ದಾಟಿ ಬರುತ್ತಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಆಸ್ಪತ್ರೆಗೆ ಫೋನು ಮಾಡಿ. ನಾಳೆ ನೋಡೋಣ ಎನ್ನುವ ವಿಷಯವಲ್ಲ ಇದು.

ಇನ್ನು ಮಾತ್ರೆಗಳು. ಜೀವಸತ್ವ ಎಷ್ಟು ತಿಂದರೂ ಒಳ್ಳೆಯದು ಎಂದುಕೊಂಡವರಿಗೆ ಫಿನ್ಲೆಂಡಿನ ಕಥೆ ಹೇಳುತ್ತೇನೆ. ಅಲ್ಲಿ 29 ಸಾವಿರ ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, 1994ರಲ್ಲಿ ಅದು ಪ್ರಕಟವಾಯಿತು. ಕ್ಯಾರೆಟ್ಟು ತಿನ್ನುವುದು ಬೇರೆ, ಅದರ ಸಾರವನ್ನು ಮಾತ್ರೆ ಮಾಡಿ ನುಂಗುವುದು ಬೇರೆ. ಅರಿಶಿನದ ಕ್ಯಾಪ್ಸೂಲ್, ಬೆಳ್ಳುಳ್ಳಿ ಮಾತ್ರೆ, ಮೀನೆಣ್ಣೆ ಏನೇ ತೆಗೆದುಕೊಳ್ಳುತ್ತಿದ್ದರೂ ಆಪರೇಷನ್ನಿಗೆ ಮುಂಚೆಯೇ ಡಾಕ್ಟರಿಗೆ ಹೇಳಿ, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುವಂಥವು ಅವುಗಳಲ್ಲಿವೆ. ಅಡುಗೆಗೆ ಹಾಕುವ ಅರಿಶಿನ, ಬೆಳ್ಳುಳ್ಳಿಗೆ ಯಾರ ಆಕ್ಷೇಪವೂ ಇಲ್ಲ.

ಆಪರೇಷನ್ನಿನ ನಂತರ ಕೀಮೋ ಬೇಕಾದವರಿಗೆ ಎರಡು ಮೂರು ಸೂಕ್ಷ್ಮಗಳಿವೆ. ಕ್ಯಾಪೆಸಿಟಬಿನ್ ಮಾತ್ರೆ ನುಂಗುವವರು ಫಾಲಿಕ್ ಆಸಿಡ್ ಇರುವ ಜೀವಸತ್ವದ ಮಾತ್ರೆಯನ್ನು ತಾವಾಗಿ ಶುರು ಮಾಡಬಾರದು, ಔಷಧದ ಅಡ್ಡಪರಿಣಾಮಗಳು, ಬಾಯಿಹುಣ್ಣು, ಭೇದಿ ಹೆಚ್ಚಾಗುತ್ತವೆ. ಬಲಭಾಗದ ಕರುಳಿನ ಜೊತೆ ಸಣ್ಣ ಕರುಳಿನ ಕೊನೆಯ ಭಾಗವೂ ಉದ್ದಕ್ಕೆ ಹೋಗಿದ್ದರೆ ಕೆಲವು ವರ್ಷಗಳ ಮೇಲೆ ಬಿ12 ಕೊರತೆ ಕಾಣಿಸಬಹುದು. ಕೈಕಾಲು ಜುಮುಗುಡುವುದು ಅದರಿಂದಲೂ ಆಗುತ್ತದೆ, ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧದಿಂದಲೂ ಆಗುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಬೇಕು. ಅದೇ ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರಿಗೆ ಮುಂದಿನ ಕೆಲವು ದಿನ ತಣ್ಣಗಿನದು ತಾಗಿದರೆ ಗಂಟಲು ಹಿಡಿದಂತೆ, ಬೆರಳಿಗೆ ಸೂಜಿ ಚುಚ್ಚಿದಂತೆ ಆಗುತ್ತದೆ. ಪೂರಕ ಪಾನೀಯದ ಡಬ್ಬಿಯ ಮೇಲೆ ಫ್ರಿಜ್ಜಿನಲ್ಲಿಟ್ಟು ತಂಪಾಗಿ ಕುಡಿದರೆ ರುಚಿ ಎಂದು ಬರೆದಿರುತ್ತದೆ. ಇವರಿಗೆ ಅದು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಕೊಡಿ. ಕುದಿಯುವ ನೀರು ಹಾಕಿದರೆ ಪುಡಿ ಗಂಟು ಕಟ್ಟುತ್ತದೆ. ಕಲಸಿದ್ದು ಮಿಕ್ಕರೆ ಹೊರಗೆ ಇಟ್ಟು ಸಂಜೆಗೆ ಕೊಡಬೇಡಿ, ಕೀಮೋದಲ್ಲಿರುವವರ ಹೊಟ್ಟೆ ಅದನ್ನು ತಾಳುವುದಿಲ್ಲ. ಒಂದು ಸಲಕ್ಕೆ ಅರ್ಧ ಲೋಟವನ್ನಷ್ಟೇ ಕಲಸಿಕೊಳ್ಳುವುದು ವಾಸಿ.